ಬಿಚ್ಚಿ ಕಟ್ಟಿದ ಗಂಟುಗಳು

ಆ ನಿಲುವಂಗಿಯ ಅಳತೆ ವಿಮಲಕ್ಕನದಲ್ಲ, ನನ್ನದು. ಅವಳ ಮೈಯಳತೆಗೆ ಹುರಿಯಲ್ಲಿ ಹಾಕಿದ್ದ ಗಂಟುಗಳನ್ನು ಬಿಚ್ಚಿ, ನನ್ನ ಮೈಗೆ ಸರಿಯಾಗಿ ಮತ್ತೆ ಹಾಕಿದವಳು ನಾನು. ಹಲಸೂರಿನ ದರ್ಜಿ ಪಾಂಡುರಂಗಪ್ಪನವರಿಗೆ ಅಳತೆ ತಪ್ಪಿತು, ವಯಸ್ಸಾಯಿತು, ಅರಮನೆಯ ದರ್ಜಿ ಎಂಬುದೆಲ್ಲ ಬರೀ ಮಾತು ಎಂದು ನಮ್ಮ ಕಾಲೋನಿಯ ಹೆಂಗಸರು ಐದು ವರ್ಷದಿಂದ ಆಡಿಕೊಳ್ಳುತ್ತಿದ್ದಾರೆ. ಪಾಂಡುರಂಗಪ್ಪನವರಿಗೆ ಏನೂ ತಪ್ಪಿರಲಿಲ್ಲ. ಅವರಿಗೆ ಕೊಟ್ಟ ಹುರಿಯೇ ಸುಳ್ಳು ಹುರಿ.

ಇಷ್ಟು ಬರೆಯಲು ಐದು ವರ್ಷ ಬೇಕಾಯಿತು ನನಗೆ — ದಿನವೂ ಬರೆಯುವವಳು ನಾನು! ಬಸ್ಸು ಎಷ್ಟು ಹೊತ್ತಿಗೆ ಬಂತು, ಆಫೀಸಿನಲ್ಲಿ ಎಷ್ಟು ಹಾಳೆ ಟೈಪು ಮಾಡಿದೆ, ಅಮ್ಮ ಎಷ್ಟು ಹಪ್ಪಳ ಒತ್ತಿದಳು, ಎಲ್ಲಕ್ಕೂ ತಾರೀಖು ಹಾಕಿ ಗೀಚಿಡುವುದು ನನ್ನ ಚಟ. ಅಣ್ಣ ಅದನ್ನು 'ಚಿತ್ರಗುಪ್ತನ ಕೆಲಸ' ಎನ್ನುತ್ತಾನೆ. ಆದರೆ ೧೯೬೯ರ ಆ ಭಾನುವಾರದ ಎದುರು ನಾನು ಬರೆದದ್ದು 'ಅಳತೆ ಆಯಿತು' ಎಂಬ ಎರಡೇ ಮಾತು. ಅದು ಸುಳ್ಳಲ್ಲ, ನಿಜ. ಆದರೆ ಯಾರ ಅಳತೆ —

ಗೊತ್ತಿಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನಮ್ಮದು ಕೆ.ಆರ್. ಪುರದ ಕಡೆಯ ಕಾರ್ಖಾನೆ ಕಾಲೋನಿ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ನನಗೆ ದಂಡು ಪ್ರದೇಶದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಆಗಷ್ಟೇ ಸಿಕ್ಕಿತ್ತು. ಹತ್ತೊಂಬತ್ತು ವಯಸ್ಸು. ಕಾಲೋನಿಯ ಮಹಿಳಾ ಸಮಾಜಕ್ಕೆ ಜಯಮ್ಮನವರು ಅಧ್ಯಕ್ಷೆ. ಅವರಿಗೆ ಆ ವರ್ಷ ನಾಟಕದ ಹುಚ್ಚು ಹಿಡಿಯಿತು. ಗಂಡಸರ ಸಂಘದವರು ವರ್ಷವರ್ಷವೂ ನಾಟಕವಾಡಿ, ಹೆಣ್ಣುಪಾತ್ರಕ್ಕೆ ಮೀಸೆ ಬೋಳಿಸಿದ ಗುಮಾಸ್ತರನ್ನು ನಿಲ್ಲಿಸುತ್ತಿದ್ದರು. 'ಅವ್ರು ನಮ್ಮ ವೇಷ ಹಾಕ್ಬೋದಾದ್ರೆ ನಾವು ಅವ್ರದ್ದು ಯಾಕೆ ಹಾಕ್ಬಾರ್ದು? ರಾಜ, ಮಂತ್ರಿ, ಕಳ್ಳ, ಎಲ್ಲಾ ನಾವೇ!' ಎಂದು ಘೋಷಿಸಿ, ವಿಜಯಕೇತು ಎಂಬ ರಾಜನ ಮೇಲೆ ತಾವೇ ಒಂದು ನಾಟಕ ಬರೆದರು. ರಾಜ ಸಿಂಹಾಸನದಲ್ಲಿ ಕೂತು ನ್ಯಾಯ ಹೇಳುವುದೇ ಅದರ ತುಂಬ.

ರಾಜನ ಪಾತ್ರ ವಿಮಲಕ್ಕನಿಗೆ ಹೋಯಿತು. ಅವಳು ನಮ್ಮ ಪಕ್ಕದ ಮನೆಯವಳು, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಎತ್ತರದ ಆಳು, ಅಗಲ ಭುಜ, ಬಾಯಿಬಿಟ್ಟರೆ ಮೂರು ಕ್ವಾರ್ಟರ್ಸಿಗೆ ಕೇಳುವ ಗಂಟಲು. ಅವಳನ್ನು ಬಿಟ್ಟು ಬೇರೆ ಯಾರನ್ನು ರಾಜ ಮಾಡಿದ್ದರೂ ಅನ್ಯಾಯವಾಗುತ್ತಿತ್ತು. ಅವಳ ಕಂಕುಳವರೆಗೂ ಬರದ ನನಗೆ, ಪರದೆಯ ಹಿಂದೆ ನಿಂತು ಮರೆತ ಮಾತನ್ನು ಎತ್ತಿಕೊಡುವ ಕೆಲಸ. 'ಲೆಕ್ಕದ ಹುಡುಗಿ. ಒಂದಕ್ಷರ ಬಿಡಲ್ಲ,' ಎಂದರು ಜಯಮ್ಮನವರು.

ನಿಜ, ನಾನು ಒಂದಕ್ಷರ ಬಿಡಲಿಲ್ಲ. ಹದಿನೈದು ದಿನದಲ್ಲಿ ಇಡೀ ನಾಟಕ ನನಗೆ ಬಾಯಿಪಾಠ. ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ನ್ಯಾಯ ಹೇಳುತ್ತಿದ್ದೆ. ಸ್ನಾನದ ಮನೆಯಲ್ಲಿ ಕಳ್ಳನಿಗೆ ಶಿಕ್ಷೆ ಕೊಡುತ್ತಿದ್ದೆ. ವಿಮಲಕ್ಕ ಮಾತು ಮರೆತಾಗ ಎತ್ತಿಕೊಡುವ ಬದಲು — ಈಗ ಹೇಳುತ್ತೇನೆ — ಒಂದೊಂದು ಸಲ ಒಂದು ಕ್ಷಣ ತಡೆದು, ಅವಳು ತಡಬಡಿಸುವುದನ್ನು ನೋಡುತ್ತಿದ್ದೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಅವಳೆಂದರೆ ಪ್ರಾಣ. ಆದರೂ ಆ ಸಿಂಹಾಸನ ನನಗೆ ಬೇಕಾಗಿತ್ತು.

ವೇಷಭೂಷಣದ ಮಾತು ಬಂದಾಗ ಜಯಮ್ಮನವರು ತಮ್ಮ ಮದುವೆಯ ಜರಿಸೀರೆಯನ್ನು ಹೊರತೆಗೆದರು. ನೇರಳೆ ಬಣ್ಣ, ಅಂಗೈಯಗಲದ ಅಂಚು. ಮಡಿಕೆ ಇದ್ದಲ್ಲೆಲ್ಲ ಬಟ್ಟೆ ಸೀಳಿತ್ತು, ನಡುವೆ ಒಳ್ಳೆಯ ಭಾಗ ಇನ್ನೂ ಗಟ್ಟಿಯಾಗಿತ್ತು. ರಾಜನಿಗೆ ಇದರದೇ ನಿಲುವಂಗಿ ಆಗಬೇಕು ಎಂದು ಹಟ ಹಿಡಿದರು. ಕಮರ್ಷಿಯಲ್ ಸ್ಟ್ರೀಟಿನ ಇಬ್ಬರು ಟೈಲರುಗಳು ಸೀರೆ ನೋಡಿ, ಇದಕ್ಕೆ ಕತ್ತರಿ ಹಾಕಿದರೆ ಪುಡಿಯಾಗುತ್ತದೆ ಎಂದು ತಲೆಯಾಡಿಸಿದರು. ಮೂರನೆಯವನು, 'ಹಲಸೂರಲ್ಲಿ ಪಾಂಡುರಂಗಪ್ಪ ಅಂತ ಇದಾರೆ, ಅರಮನೆ ದರ್ಜಿ ವಂಶ. ಅವ್ರ ಕೈಲಾದ್ರೆ ಆಯ್ತು,' ಎಂದ.

ನಾನೂ ಜಯಮ್ಮನವರೂ ಹೋದೆವು. ಹಲಸೂರು ಬಜಾರಿನ ಒಳಗಲ್ಲಿಯಲ್ಲಿ ಎರಡು ಮೆಟ್ಟಿಲು ಹತ್ತಿದರೆ ಅಂಗಡಿ. ಮುಂದುಗಡೆ ಮಗ ವಿಠ್ಠಲ, ಕುತ್ತಿಗೆಗೆ ಟೇಪು ಇಳಿಬಿಟ್ಟುಕೊಂಡು, ಮಿಷನ್ನಿನ ಮೇಲೆ ಪ್ಯಾಂಟು ಹೊಲಿಯುತ್ತಿದ್ದ. ಒಳಗಡೆ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಪಾಂಡುರಂಗಪ್ಪನವರು. ಎಪ್ಪತ್ತರ ಹತ್ತಿರದ ಸಣ್ಣ ಆಳು. ಸೀರೆಯನ್ನು ತೊಡೆಯ ಮೇಲೆ ಹರಡಿ ಸೀಳುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನಗುತ್ತ ಹೇಳಿದರು:

'ಇದಕ್ಕಿನ್ನೂ ಜೀವ ಇದೆ, ಅಮ್ಮಾವ್ರೇ. ಕೂತ್ಕಳಿ. ಕಾಪಿ ಕುಡೀತೀರಾ?'

ಅವರ ಅಜ್ಜನ ಅಜ್ಜನ ಕಾಲದಿಂದ ಮನೆತನಕ್ಕೆ ಅರಮನೆಯ ಹೊಲಿಗೆ. ಅವರಜ್ಜನೇ ಆ ಕೆಲಸದಲ್ಲಿದ್ದ ಕೊನೆಯವರಂತೆ. ಆ ಕಾಪಿ ಆರುವವರೆಗೆ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ದರ್ಜಿ ಬೆಳಿಗ್ಗೆ ಅರಮನೆಗೆ ಹೋದ ಕೂಡಲೇ ಉಗುರು ತೋರಿಸಬೇಕಿತ್ತು, ರೇಷ್ಮೆಗೆ ಸಿಕ್ಕೀತೆಂದು. ಕೆಲಸ ಮುಗಿಯುವವರೆಗೆ ಎಲೆಅಡಿಕೆ ಇಲ್ಲ. ಜರಿಯನ್ನು ತೂಗಿ ಕೊಡುವರು. ಸಂಜೆ ಹೊಲಿದದ್ದೂ ಉಳಿದದ್ದೂ ಸೇರಿಸಿ ಮತ್ತೆ ತೂಗುವರು. ಕತ್ತರಿಸಿದ ಚೂರುಗಳನ್ನೂ ಒಪ್ಪಿಸಿ ಬರಬೇಕು. ದೀಪ ಹಚ್ಚಿದ ಮೇಲೆ ಬಟ್ಟೆಗೆ ಕತ್ತರಿ ಮುಟ್ಟಿಸುವಂತಿಲ್ಲ, ದೀಪದ ಬೆಳಕಲ್ಲಿ ಬಣ್ಣ ಮೋಸ ಮಾಡುತ್ತದೆ.

'ರಾಜರು ಎದುರಿಗೆ ನಿಂತ್ಕೊಳ್ತಿದ್ರಾ, ತಾತ?' ಎಂದೆ ನಾನು.

'ರಾಜರು ನಿಂತ್ಕೋತಿದ್ರಂತೆ. ನಮ್ಮಜ್ಜ ಕಣ್ಣಲ್ಲೇ ಅಳೆದು, ಮೈ ಮುಟ್ಟದೆ, ಅಂಗಿ ತಂದ್ಕೊಡ್ತಿದ್ರು. ರಾಣಿವಾಸದ್ದು ಬೇರೆ ಕ್ರಮ. ಅಲ್ಲಿ ಪರದೆ. ಈಚೆ ದರ್ಜಿ, ಆಚೆ ರಾಣಿ. ಒಳಗಿನ ದಾಸಿ ಒಂದು ಹುರಿ ಹಿಡ್ದು ಅಳೀತಾಳೆ. ಕತ್ತಿಗೆ ಒಂದು ಗಂಟು, ಹೆಗಲಿಗೆ ಒಂದು, ಎದೆಗೆ, ನಡುವಿಗೆ, ತೋಳಿಗೆ, ಉದ್ದಕ್ಕೆ. ತಟ್ಟೇಲಿ ಹುರಿ ಬರುತ್ತೆ. ಅಷ್ಟೇ ನಮ್ಗೆ ಸಿಗೋದು. ಆ ಹುರೀನೇ ರಾಣಿ ಅನ್ಕೊಂಡು ಕತ್ತರಿಸ್ಬೇಕು.'

ಜಯಮ್ಮನವರ ಮುಖ ಅರಳಿತು. ಗಂಡಸು ದರ್ಜಿಯ ಮುಂದೆ ಕೈಯೆತ್ತಿ ನಿಲ್ಲಲು ನಮ್ಮ ಹೆಂಗಸರು ಒಪ್ಪುವರೋ ಇಲ್ಲವೋ ಎಂಬ ಯೋಚನೆ ಅವರಿಗೆ ಬಸ್ಸಿನಲ್ಲೇ ಹತ್ತಿತ್ತು. 'ಹಾಗಾದ್ರೆ ನಮ್ಗೂ ಹುರೀನೇ ಕೊಡಿ. ನಮ್ಮ ರಾಜ ಹೆಂಗಸು!'

ಪಾಂಡುರಂಗಪ್ಪನವರು ಹೊಟ್ಟೆ ಹಿಡಿದು ನಕ್ಕರು. ಅಜ್ಜ ಹೇಳಿಕೊಟ್ಟಿದ್ದರೂ ಬದುಕಿನಲ್ಲಿ ಒಂದು ಸಲವೂ ಹುರಿಯ ಅಳತೆಗೆ ಹೊಲಿಯುವ ಭಾಗ್ಯ ಬಂದಿರಲಿಲ್ಲವಂತೆ. ಒಳಗೆ ಹೋಗಿ ಬಿಳಿ ನೂಲಿನ ಹುರಿಯೊಂದಕ್ಕೆ ಅರಿಸಿನ ಹಚ್ಚಿ ತಂದರು. ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು.

'ಯಾರು ರಾಜ ಅಂತ ನನ್ಗೆ ಹೇಳ್ಬೇಡಿ. ಆಳು ಕಂಡ್ರೆ ಕಣ್ಣು ತಾನೇ ಅಳೆಯೋಕೆ ಶುರು ಮಾಡ್ಬಿಡುತ್ತೆ. ಈ ಮಗು ಅಳೀಲಿ. ಗಂಟು ಬಿಗಿಯಾಗಿ ಹಾಕವ್ವ.'

ಆ ಭಾನುವಾರ ಬೆಳಿಗ್ಗೆ ವಿಮಲಕ್ಕನ ಅಡುಗೆಮನೆಯಲ್ಲಿ ಅವಳನ್ನು ಅಳೆದೆ. ಅವಳಿಗೆ ಕಚಗುಳಿ. ಹುರಿ ಕಂಕುಳ ಹತ್ತಿರ ಬಂದರೆ ಸಾಕು, ಕಿರುಚಿ ಹಾರುತ್ತಿದ್ದಳು.

'ರಾಜ ಹೀಗೆ ಕಿರುಚ್ತಾನಾ ವಿಮಲಕ್ಕ? ನೆಟ್ಟಗೆ ನಿಂತ್ಕೋ!'

'ರಾಜನ ಕಂಕುಳಕ್ಕೆ ಕೈ ಹಾಕೋ ದಾಸೀನ ಗಡೀಪಾರು ಮಾಡ್ತಾರೆ ಕಣೇ!'

ಎಲ್ಲ ಗಂಟೂ ಸರಿಯಾಗಿ ಬಿದ್ದವು. ನಾನು ತಪ್ಪಲಿಲ್ಲ. ಹುರಿಯನ್ನು ಬಟ್ಟಲಲ್ಲಿ ಸುತ್ತಿಟ್ಟು ಮನೆಗೆ ಬಂದೆ.

ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ್ದರು. ಕನ್ನಡಿಯ ಮುಂದೆ ನಿಂತು, ಸುಮ್ಮನೆ, ಆ ಹುರಿಯನ್ನು ನನ್ನ ಭುಜದ ಮೇಲಿಟ್ಟು ನೋಡಿದೆ. ಗಂಟು ಭುಜ ದಾಟಿ ಗಾಳಿಯಲ್ಲಿ ನಿಂತಿತ್ತು. ಆ ಉಳಿದ ಹುರಿ — ನನಗೂ ರಾಜನಿಗೂ ನಡುವಿನ ದೂರ ಅಷ್ಟೇ — ನಾಲ್ಕು ಬೆರಳು. ಒಂದು ಗಂಟು ಬಿಚ್ಚಿದೆ. ಬಿಚ್ಚಿ ನೋಡೋಣ, ಮತ್ತೆ ಹಾಕಿದರಾಯಿತು ಎಂದುಕೊಂಡೆ. ಆಮೇಲೆ ಎರಡನೆಯದು. ಯಾವ ಗಂಟಿನ ಹೊತ್ತಿಗೆ ಅದು ಆಟವಾಗಿ ಉಳಿಯದೆ ಬೇರೆಯಾಯಿತು ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ... ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಾನು ಅವಸರಪಡಲಿಲ್ಲ. ಒಂದೊಂದನ್ನೂ ಎರಡೆರಡು ಸಲ ಅಳೆದು ಹಾಕಿದೆ. ಅಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮಾರನೆಯ ದಿನ ಹುರಿಯನ್ನು ಪಾಂಡುರಂಗಪ್ಪನವರ ಕೈಗೆ ಕೊಟ್ಟೆ. ಬೆರಳ ತುದಿಯಲ್ಲಿ ಗಂಟಿನಿಂದ ಗಂಟಿಗೆ ಸವರಿಕೊಂಡು ಹೋದರು. ನಡುವೆ ಒಂದು ಕಡೆ ನಿಂತರು. ಆಮೇಲೆ ತಲೆಯಾಡಿಸಿ, ಹುರಿಯನ್ನು ದೇವರ ಪಟದ ಮುಂದೆ ಇಟ್ಟರು.

ಮುಂದಿನ ಎರಡು ವಾರ ಆಫೀಸು ಬಿಟ್ಟ ಮೇಲೆ ಹಲಸೂರಿನಲ್ಲೇ ಬಸ್ಸಿನಿಂದ ಇಳಿಯುತ್ತಿದ್ದೆ. ಸಮಾಜದ ಪರವಾಗಿ ಕೆಲಸ ನೋಡಲು ಎಂದು ನೆಪ. ನನ್ನ ಅಂಗಿ ಹುಟ್ಟುವುದನ್ನು ನೋಡಬೇಕಿತ್ತು — ಅದು ನನ್ನದು ಎಂದು ಅವರಿಗೆ ಗೊತ್ತಿಲ್ಲದಿದ್ದರೂ. ಅಲ್ಲಿ ಕೂತ ಆ ಸಂಜೆಗಳಷ್ಟು ಚೆಂದದ ಹೊತ್ತು ನನಗೆ ಬೇರೆ ಸಿಕ್ಕಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಸೀರೆಗೆ ಹಿಂದುಗಡೆ ಮೃದುವಾದ ತೆಳು ಮಲ್‌ಮಲ್ ಬಟ್ಟೆ ಕೊಟ್ಟು ಸೀಳುಗಳನ್ನೆಲ್ಲ ಹಿಡಿದು ನಿಲ್ಲಿಸಿದರು. ಬೆಳಿಗ್ಗೆಯ ಬೆಳಕಲ್ಲಿ ಮಾತ್ರ ಕತ್ತರಿ, ಸಂಜೆ ಕೈಹೊಲಿಗೆ. ಮಗ ಮಿಷನ್ನಿನಿಂದಲೇ ರೇಗಿಸುತ್ತಿದ್ದ: 'ಅಪ್ಪ, ನೀನು ತೋಳು ಹಚ್ಚೋ ಹೊತ್ತಿಗೆ ನಾನು ಒಂದು ರೆಜಿಮೆಂಟಿಗೆ ಪ್ಯಾಂಟು ಹೊಲ್ದಿರ್ತೀನಿ.' ಅವರು ತಲೆಯೆತ್ತದೆ, 'ಹೊಲಿ ಮಗನೆ, ಹೊಲಿ. ರೆಜಿಮೆಂಟು ಯುದ್ಧಕ್ಕೆ ಹೋಗುತ್ತೆ, ಹರ್ಕೊಂಡು ಬರುತ್ತೆ. ನನ್ನ ರಾಜ ಕೂತ್ಕೋತಾನೆ!' ಎನ್ನುತ್ತಿದ್ದರು.

ಒಂದು ಸಂಜೆ ನಾನು ಕೇಳಿದೆ, 'ಒಳಗೆ ಹೊಲಿಗೆ ಪಕ್ಕ ಬಟ್ಟೆ ಬಿಟ್ಟೇ ಇಲ್ವಲ್ಲ, ತಾತ? ಬಿಗಿಯಾದ್ರೆ ಬಿಚ್ಚಿ ಸಡಿಲ ಮಾಡೋದು ಹೇಗೆ?'

'ಮಾಡೋ ಹಾಗಿಲ್ಲ. ರಾಣಿವಾಸದ ಹೊಲಿಗೇಲಿ ಒಳಗೆ ಬಟ್ಟೆ ಬಿಟ್ರೆ, ಹುರಿ ಮೇಲೆ ಅನುಮಾನ ಪಟ್ಟ ಹಾಗೆ. ಅಂದ್ರೆ ಅಳೆದವಳ ಮೇಲೆ ಅನುಮಾನ. ಹಾಗೆ ಮಾಡ್ಬಾರ್ದು ಅಂತ ನಮ್ಮಜ್ಜ.' ಸೂಜಿಯನ್ನು ತಲೆಗೂದಲಿಗೆ ಒರೆಸಿಕೊಂಡು ಸೇರಿಸಿದರು, 'ಸೀರೇಲೂ ಗಟ್ಟಿ ಬಟ್ಟೆ ಇರೋದು ಇಷ್ಟೇ ಅನ್ನು.'

ಆಗ ಹೇಳಬಹುದಿತ್ತು. ಆ ಕ್ಷಣ ನನ್ನ ಬಾಯಿ ತೆರೆದಿತ್ತು ಕೂಡ. ತೋಳುಗಳನ್ನು ಇನ್ನೂ ಹಚ್ಚಿರಲಿಲ್ಲ. ವಿಠ್ಠಲ ಬೋಂಡ ತಂದ. ನಾನು ಬೋಂಡ ತಿಂದೆ.

ನಾಟಕಕ್ಕೆ ಮೂರು ದಿನ ಇರುವಾಗ ಅವರು ಅಂಗಿಯನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಕಾಲೋನಿಗೆ ಬಂದರು. ಜೊತೆಗೆ ಉಳಿದ ಚೂರುಗಳ ಪೊಟ್ಟಣ, ಮತ್ತು ತೊಳೆದು ಗಂಟೆಲ್ಲ ಬಿಚ್ಚಿದ ಹುರಿ. ಅದೂ ಕ್ರಮ: ಅಂಗಿ ಮುಗಿದ ದಿನವೇ ಗಂಟು ಬಿಚ್ಚಬೇಕು, ರಾಣಿಯ ಅಳತೆ ದರ್ಜಿಯ ಮನೆಯಲ್ಲಿ ಉಳಿಯಬಾರದು. ಅವರ ಕಡೆಗಿದ್ದ ಒಂದೇ ಒಂದು ಸಾಕ್ಷಿಯನ್ನು ಅವರೇ, ನಿಯಮಕ್ಕೆ ತಪ್ಪದೆ, ತೊಳೆದು ಹಾಕಿದ್ದರು.

ಸಮಾಜದ ಹಾಲಿನ ಪಕ್ಕದ ಕೋಣೆಯಲ್ಲಿ ವಿಮಲಕ್ಕನಿಗೆ ತೊಡಿಸಲು ಹೋದೆವು. ತಲೆ ತೂರಿತು. ತೋಳು ಮೊಣಕೈವರೆಗೆ ಹೋಗಿ ನಿಂತಿತು. ಅವಳು ಎರಡೂ ಕೈ ಮೇಲೆತ್ತಿ, ಮುಖವೆಲ್ಲ ನೇರಳೆ ರೇಷ್ಮೆಯೊಳಗೆ ಮುಚ್ಚಿಹೋಗಿ, 'ಎಳೀರೇ! ಉಸಿರು ಕಟ್ತಿದೆ! ರಾಜ ಸತ್ತ!' ಎಂದು ಒಳಗಿಂದಲೇ ಕೂಗಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹೊರಗೆ ಬಾಗಿಲ ಹತ್ತಿರ ನಿಂತಿದ್ದ ಪಾಂಡುರಂಗಪ್ಪನವರು, ಸಂಗತಿ ತಿಳಿಯದೆ, ನಮ್ಮ ನಗು ಕೇಳಿ ತಾವೂ ನಗುತ್ತಿದ್ದರು.

ಆಮೇಲೆ ಅಂಗಿಯನ್ನು ಕೈಯಲ್ಲಿ ಹಿಡಿದು ಹೊರಬಂದ ವಿಮಲಕ್ಕನನ್ನು ನೋಡಿದರು. ನಗು ನಿಂತಿತು.

'ಅಳತೆ ತಗೊಂಡೋರು ಯಾರು?' ಎಂದು ಯಾರೋ ಕೇಳಿದರು. 'ರತ್ನ. ಅವ್ಳು ತಪ್ಪೋದೆಲ್ಲಿಂದ ಬಂತು, ಹಪ್ಪಳಾನೂ ಎಣಿಸೋಳು!' ಎಂದಳು ವಿಮಲಕ್ಕನೇ, ನನ್ನ ಕಡೆ ಬೆರಳು ತೋರಿಸಿ. ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು. ಪಾಂಡುರಂಗಪ್ಪನವರು ನನ್ನನ್ನು ಒಂದು ಸಲ ನೋಡಿದರು. ಹುರಿ ಕೊಟ್ಟವಳು ನಾನೆಂದು ಅವರಿಗೆ ಗೊತ್ತಿತ್ತು; ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು.

'ತಪ್ಪು ನನ್ನ ಕೈದೇ, ಅಮ್ಮಾವ್ರೇ. ಗಂಟು ಓದೋಕೆ ನನ್ಗೆ ಬರ್ಲಿಲ್ಲ.'

ನಾನು ಸುಮ್ಮನಿದ್ದೆ.

ಬಿಚ್ಚಿ ಸಡಿಲಿಸಲು ಬಟ್ಟೆಯಿಲ್ಲ. ಇನ್ನೊಂದು ಹೊಲಿಯಲು ಸೀರೆಯಿಲ್ಲ, ಸಮಯವೂ ಇಲ್ಲ. ಜಯಮ್ಮನವರು ತಲೆಗೆ ಕೈ ಹೊತ್ತು ಕೂತರು. ಆಮೇಲೆ, ನಾನು ಕಾದಿದ್ದ ಹಾಗೆಯೇ, ಎದ್ದು ನಿಂತರು: 'ಅಂಗಿ ಯಾರಿಗಾಗುತ್ತೋ ಅವ್ರೇ ರಾಜ!' ಒಬ್ಬೊಬ್ಬರೇ ಹಾಕಿ ನೋಡಿದರು. ಒಬ್ಬರಿಗೆ ತೋಳು, ಒಬ್ಬರಿಗೆ ನಡು. ನಾನು ಕೊನೆಗೆ, ಸಂಕೋಚದ ನಟನೆ ಮಾಡುತ್ತ ಹಾಕಿಕೊಂಡೆ. ಎರಕ ಹೊಯ್ದ ಹಾಗೆ ಕೂತಿತು.

'ಅಯ್ಯೋ, ಗುಬ್ಬಚ್ಚಿ ರಾಜ!' ಎಂದು ವಿಮಲಕ್ಕ ಚಪ್ಪಾಳೆ ತಟ್ಟಿದಳು. ಮೊದಲು ತಟ್ಟಿದವಳು ಅವಳೇ. ಆಮೇಲೆ ನೀರು ಕುಡಿದು ಬರುತ್ತೇನೆಂದು ಒಳಗೆ ಹೋದವಳು ಬೇಗ ಬರಲಿಲ್ಲ. ರಾಜನ ವೇಷ ನೋಡಲೆಂದೇ ಅವಳ ಅತ್ತೆ ಊರಿಂದ ಬಂದಿದ್ದರು.

ನಾಟಕ? ನಾಟಕ ಹಬ್ಬವಾಯಿತು. ಮಂತ್ರಿ, ಸೇನಾಪತಿ, ಕಳ್ಳ ಎಲ್ಲರೂ ನನಗಿಂತ ಗೇಣು ಎತ್ತರ. ರಾಜನ ತಲೆಗಿಂತ ಮಂತ್ರಿಯ ತಲೆ ಮೇಲಿರಬಾರದೆಂದು ಜಯಮ್ಮನವರು ಇಡೀ ಆಸ್ಥಾನಕ್ಕೆ ಆಟ ಮುಗಿಯುವವರೆಗೂ ಬಗ್ಗಿಯೇ ಇರಲು ಅಪ್ಪಣೆ ಮಾಡಿದ್ದರು. ಸೊಂಟ ಹಿಡಿದ ಸೇನಾಪತಿ ಯುದ್ಧದ ಸುದ್ದಿಯನ್ನು ನೆಲದ ಕಡೆ ನೋಡಿಕೊಂಡೇ ಹೇಳಿದಳು. ವಿಮಲಕ್ಕನಿಗೆ ದ್ವಾರಪಾಲಕನ ಪಾತ್ರ ಕೊಟ್ಟಿದ್ದರು. ಅವಳ ಈಟಿ ಮೇಲಿನ ತೋರಣಕ್ಕೆ ಸಿಕ್ಕಿ, ತೋರಣವೆಲ್ಲ ಕಳ್ಳನ ಕೊರಳಿಗೆ ಹಾರದಂತೆ ಬಿತ್ತು. 'ಸನ್ಮಾನ ಆಯ್ತು, ಈಗ ಶಿಕ್ಷೆ ಹೇಳಿ ಪ್ರಭು!' ಎಂದು ಅವಳು ಇಲ್ಲದ ಮಾತು ಸೇರಿಸಿದಾಗ, ಗಂಡಸರ ಸಂಘದವರೂ ಬೆಂಚಿನ ಮೇಲೆ ಹತ್ತಿ ಕೂಗಿದರು. ನಾನು ಸಿಂಹಾಸನದಿಂದ ಎದ್ದು, ಜರಿಯ ತೋಳು ಚಾಚಿ, 'ನನ್ನ ರಾಜ್ಯದಲ್ಲಿ ಸುಳ್ಳಿಗೆ ನಿಲ್ಲಲು ನೆರಳಿಲ್ಲ!' ಎಂದೆ. ಆ ಮಾತಿಗೇ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ.

ಕೊನೆಯ ಸಾಲಿನಲ್ಲಿ, ಗೋಡೆಗೊರಗಿ ಪಾಂಡುರಂಗಪ್ಪನವರು ನಿಂತಿದ್ದರು. ಅವರು ಚಪ್ಪಾಳೆ ತಟ್ಟಿದರೋ ಇಲ್ಲವೋ — ನಾನು ಆ ಕಡೆ ನೋಡಲಿಲ್ಲ.

ಮೂರು ತಿಂಗಳ ಮೇಲೆ ಅಮ್ಮನ ರವಿಕೆಗೆಂದು ಆ ಗಲ್ಲಿಗೆ ಹೋದೆ. ಒಳಗಿನ ಕಿಟಕಿಯ ಹತ್ತಿರ ವಿಠ್ಠಲ ಕತ್ತರಿ ಹಿಡಿದಿದ್ದ. ಪಾಂಡುರಂಗಪ್ಪನವರು ಮುಂದುಗಡೆ, ಸ್ಟೂಲಿನ ಮೇಲೆ, ಕಾಜಾ ಹೊಲಿಯುತ್ತ ಗುಂಡಿ ಹಚ್ಚುತ್ತ ಕೂತಿದ್ದರು. ಆ ನಾಟಕದ ಮಾರನೆಯ ದಿನವೇ ಅವರು ಕತ್ತರಿಯನ್ನು ಮಗನ ಕೈಗೆ ಕೊಟ್ಟುಬಿಟ್ಟರಂತೆ. 'ಅಳತೆ ಗೊತ್ತಾಗದೋನು ಬಟ್ಟೆ ಮುಟ್ಬಾರ್ದು' ಎಂದರಂತೆ. ಇದನ್ನು ವಿಠ್ಠಲ ನನಗೆ ಲೋಕಾಭಿರಾಮವಾಗಿ ಹೇಳಿದ. ಅವರು ನನ್ನನ್ನು ಕಂಡು, 'ರಾಜರು ಬಂದ್ರು!' ಎಂದು ಎದ್ದು ನಿಂತರು. ನಗುತ್ತಲೇ. ಆಮೇಲಿಂದ ನಾನು ಹಲಸೂರಿನಲ್ಲಿ ಬಸ್ಸು ಇಳಿಯಲಿಲ್ಲ. ಬಸ್ಸು ಆ ಬೀದಿ ಹಾಯುವಾಗ ಇನ್ನೊಂದು ಬದಿಯ ಸೀಟಿನಲ್ಲಿ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ.

ಆ ಪಾತ್ರ ನನಗೆ ಕೊಟ್ಟದ್ದನ್ನೂ ಮುಚ್ಚಿಡಬಾರದು. ಅಲ್ಲಿಯವರೆಗೆ ನಾಲ್ಕು ಜನರ ಮುಂದೆ ನನ್ನ ದನಿ ಏಳುತ್ತಿರಲಿಲ್ಲ. ಆಮೇಲೆ ಸಮಾಜದ ಪ್ರತಿ ನಾಟಕದಲ್ಲೂ ನಾನಿದ್ದೆ. ಕಾಲೋನಿಯ ಮಕ್ಕಳು ಈಗಲೂ ನನ್ನನ್ನು 'ಮಹಾರಾಜ' ಎನ್ನುತ್ತಾರೆ. ಆ ಐದು ವರ್ಷ ನಾನು ಬಹಳ ಸುಖವಾಗಿದ್ದೆ. ಅದು ಯಾರ ಸುಖ ಎಂದು ಮಾತ್ರ...

ಕಳೆದ ವಾರ ಹೊಸ ನಾಟಕದ ಸಭೆ ಇತ್ತು. ಮತ್ತೆ ರಾಜನ ಉಡುಪಿನ ಮಾತು ಬಂತು. 'ಆ ಹಲಸೂರಿನ ಮುದುಕನ ಹತ್ರ ಮಾತ್ರ ಬೇಡಮ್ಮ, ಆನೆಗೆ ಅಂಗಿ ಕೇಳಿದ್ರೆ ಇಲಿಗೆ ಹೊಲ್ದು ಕೊಡ್ತಾನೆ!' ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿಂದ ತಾನಾಗಿಯೇ ಬಂದ, ಅಭ್ಯಾಸವಾದ ನಗು. ಮನೆಗೆ ಬರುವ ದಾರಿಯಲ್ಲಿ ಆ ನಗು ನನಗೆ ಕೇಳಿಸಿತು. ಗಂಟು ಬಿಚ್ಚಿದ ದಿನ ನಾನು ಹುಡುಗಿ. ಆದರೆ ನಗುತ್ತಿರುವವಳು ಇಪ್ಪತ್ನಾಲ್ಕರ ಹೆಂಗಸು.

ಮೊದಲು ವಿಮಲಕ್ಕನ ಮನೆಗೆ ಹೋದೆ. ದೋಸೆಗೆ ರುಬ್ಬುತ್ತಿದ್ದಳು. ಒಂದೇ ಉಸಿರಿಗೆ ಹೇಳಿದೆ. ಗುಂಡು ತಿರುಗುವುದು ನಿಂತಿತು.

'ನಮ್ಮತ್ತೆ ಅಷ್ಟು ದೂರದಿಂದ ಬಂದಿದ್ರು ಕಣೇ,' ಎಂದಳು ಮೆಲ್ಲಗೆ.

ಆಮೇಲೆ ಅವಳು ಹಿಟ್ಟಿನ ಕೈಯನ್ನು ಮೇಲೆತ್ತಿದಳು, ಹೊಡೆಯುತ್ತಾಳೆಂದುಕೊಂಡೆ.

'ಕಳ್ಳಿ! ಅಳತೆ ಕೊಟ್ಟ ಮೇಲೆ ಎರಡು ವಾರದಲ್ಲಿ ನಾನೇ ಊದ್ಕೊಂಡೆ ಅನ್ಕೊಂಡಿದ್ನಲ್ಲೇ! ಎರಡು ತಿಂಗ್ಳು ರಾತ್ರಿ ಊಟ ಬಿಟ್ಟಿದ್ದೆ! ನಿಮ್ಮ ಭಾವ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರು!' ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವ ಹಾಗಿರಲಿಲ್ಲ. 'ನನ್ನ ಜಗಳ ಬಾಕಿ ಇದೆ, ಬಿಡಲ್ಲ ನಿನ್ನ. ಮೊದ್ಲು ಹೋಗು, ಆ ಮುದುಕರ ಹತ್ರ ಹೋಗು. ಕಾಲು ಹಿಡ್ಕೋ.'

ಮಾರನೆಯ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಹಲಸೂರಿನಲ್ಲಿ ಇಳಿದೆ. ಅವರು ಸ್ಟೂಲಿನ ಮೇಲೆಯೇ ಇದ್ದರು, ತೊಡೆಯ ಮೇಲೆ ಯಾರದೋ ಶರಟು. ಹೇಳಿದೆ. ಕನ್ನಡಿಯ ಮುಂದೆ ನಿಂತದ್ದು, ಒಂದೊಂದೇ ಬಿಚ್ಚಿದ್ದು, ಸುಮ್ಮನಿದ್ದದ್ದು. ಅವರ ಸೂಜಿ ಅರ್ಧಕ್ಕೆ ನಿಂತಿತ್ತು.

'ಬಿಚ್ಚಿ ಕಟ್ಟಿದ್ದು ಗೊತ್ತಾಗಿತ್ತಮ್ಮ,' ಎಂದರು. 'ಬಿಚ್ಚಿದ ಗಂಟಿನ ಸುಕ್ಕು ಹುರೀಲಿ ಉಳಿಯುತ್ತಲ್ಲ. ಎಚ್ಚರದ ಹುಡುಗಿ, ಎರಡು ಸಲ ಅಳೆದು ಸರಿ ಮಾಡಿದಾಳೆ ಅನ್ಕೊಂಡೆ.'

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಇದ್ದಕ್ಕಿದ್ದಂತೆ ಮುಂದಕ್ಕೆ ಬಾಗಿದರು. 'ಅಂದ್ರೆ... ಆ ಹುರಿ ನಿಂದು. ನಾಟಕದ ದಿನ ದೂರದಿಂದ ಕಂಡಿದ್ದಷ್ಟೇ. ಅಂಗಿ ನಿನ್ಗೆ ಸರಿಯಾಗಿ ಆಯ್ತು ತಾನೇ? ಎಲ್ಲೂ ಹಿಡೀಲಿಲ್ಲ? ಬಗಲಲ್ಲಿ?'

'ಎಲ್ಲೂ ಹಿಡೀಲಿಲ್ಲ, ತಾತ. ಎರಕ ಹೊಯ್ದ ಹಾಗಿತ್ತು.'

'ವಿಠ್ಠಲಾ!' ಎಂದು ಕೂಗಿದರು. ಆ ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. 'ಬಾರೋ ಇಲ್ಲಿ! ಕೇಳೋ! ನಾನು ಓದಿದ್ದು ಸರಿಯಾಗಿತ್ತು ಕಣೋ! ಆಳು ನೋಡ್ದೆ, ಬರೀ ಹುರೀಲಿ! ಬಗಲು ಕೂಡ ಹಿಡೀಲಿಲ್ವಂತೆ! ನಮ್ಮಜ್ಜ ಮಾಡಿದ್ನ ನಾನೂ ಮಾಡಿದೀನಿ ಕಣೋ!' ನಗುತ್ತಿದ್ದರು, ಕಣ್ಣಲ್ಲಿ ನೀರು. ಎದುರಿನ ಬಳೆ ಅಂಗಡಿಯಾಕೆಯನ್ನು ಕರೆದು ತಮಿಳಿನಲ್ಲಿ ಅವಳಿಗೂ ಹೇಳಿದರು. ಅವಳಿಗೆ ತಲೆಬುಡ ತಿಳಿಯದಿದ್ದರೂ ನಕ್ಕಳು. ಕಾಪಿ ತರಿಸಿದರು. ಆ ಮನುಷ್ಯ ಅಷ್ಟು ಸಂತೋಷಪಡುವುದನ್ನು ನೋಡುತ್ತ ಕೂರುವುದೇ ನನಗೆ ಬಂದ ಶಿಕ್ಷೆ. ಐದು ವರ್ಷದ ಹಿಂದೆ ಒಂದು ಮಾತಿಗೆ ಸಿಗುತ್ತಿದ್ದ ಸಂತೋಷ ಅದು.

ವಿಠ್ಠಲ ನಗಲಿಲ್ಲ. ನನ್ನನ್ನೊಮ್ಮೆ ನೋಡಿ, ಒಳಗೆ ಹೋಗಿ ದೊಡ್ಡ ಕತ್ತರಿಯನ್ನು ತಂದು ಅಪ್ಪನ ಮುಂದಿಟ್ಟ. 'ತಗೋ ಅಪ್ಪ. ನಿಂದು.'

ಅವರು ಎತ್ತಿಕೊಂಡರು. ತೆರೆದು ಮುಚ್ಚಿ ನೋಡಿದರು. ಕೈ ನಡುಗಿತು — ಈಗ ನಿಜವಾಗಿಯೂ ನಡುಗಿತು, ಮೂವರೂ ನೋಡಿದೆವು. ಮೆಲ್ಲಗೆ ಮಗನ ಕೈಗೆ ವಾಪಸು ಕೊಟ್ಟರು.

'ಆಗ ಚೆನ್ನಾಗಿತ್ತು ಕಣವ್ವ ನನ್ನ ಕೈ. ಸ್ವಲ್ಪ ಬೇಗ ಬಂದು ಹೇಳೋದಲ್ವಾ?' ಸಿಟ್ಟಿರಲಿಲ್ಲ. ಕೇಳಿದರು, ಅಷ್ಟೇ.

ಹುಡುಗಿಯಾಗಿದ್ದೆ, ಭಯವಿತ್ತು ಎಂದೆಲ್ಲ ಬರೆಯಲು ಕೂತರೆ ಬರೆಯಬಹುದು. ಆದರೆ ನಿಜವೆಂದರೆ ನಾನು ಆ ಐದು ವರ್ಷ ಹೆಚ್ಚಿನ ದಿನಗಳಲ್ಲಿ ಅವರನ್ನು ನೆನೆಯಲೇ ಇಲ್ಲ.

ಬರುವ ಶನಿವಾರ ಸಮಾಜದ ಸಭೆಯಲ್ಲಿ ಇದನ್ನು ನಿಂತು ಓದುತ್ತೇನೆ. ಪಾಂಡುರಂಗಪ್ಪನವರಿಗೆ ಅದನ್ನು ಹೇಳಿದಾಗ, 'ಬೇಡ ಮಗು, ಮದುವೆ ಆಗ್ಬೇಕಾದೋಳು, ನಾಲ್ಕು ಜನ ಏನಂದಾರು? ನನ್ಗೆ ಗೊತ್ತಾಯ್ತಲ್ಲ, ಸಾಕು,' ಎಂದರು. ಅವರಿಗೆ ಸಾಕು. ಆದರೆ ಅವರನ್ನು ಆಡಿಕೊಂಡು ನಕ್ಕವರಿಗೆ ಗೊತ್ತಾಗಬೇಕು. ಆ ಹೆಂಗಸರ ಜೊತೆ ನಕ್ಕವಳೇ ಹೇಳಬೇಕು. ನೀವೂ ಬನ್ನಿ ಎಂದೆ. 'ನಾನ್ಯಾಕಮ್ಮ ಹೆಂಗಸ್ರ ಸಭೆಗೆ,' ಎಂದು ತಲೆಯಾಡಿಸಿದರು. ಮೆಟ್ಟಿಲಿಳಿದು ನಾನು ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಅವರ ದನಿ ಕೇಳಿಸಿತು: 'ವಿಠ್ಠಲಾ, ಶನಿವಾರ ಅಂಗಡಿ ನೀನೇ ನೋಡ್ಕೋ. ನನ್ನ ಬಿಳೀ ಕೋಟು ಇಸ್ತ್ರಿಗೆ ಹಾಕು.'